ಹಳೇ ಬ್ಲಾಕು, ಕಂದು ಮೆಲನಿನ್, ಕೊನೆಗೂ ಸಿಕ್ಕ ಕೆಂಪು

ಫಾರ್ಮಲಿನ್‌ನಲ್ಲಿ ಕೆಡದಂತೆ ಎಂಟು-ಹತ್ತು ವರ್ಷ ಕೂತಿದ್ದ ಮಿದುಳಿನ ತುಂಡಿನಲ್ಲಿ ಆಲ್ಫಾ-ಸಿನ್ಯೂಕ್ಲಿನ್ (ಪಾರ್ಕಿನ್ಸನ್ ರೋಗದಲ್ಲಿ ನರಕೋಶದೊಳಗೆ ಗಂಟುಕಟ್ಟುವ ಪ್ರೋಟೀನು) ಸ್ಟೇನ್ ಮಾಡುತ್ತೇನೆ, ಅಂದರೆ ಆಂಟಿಬಾಡಿ ಅಂಟಿಸಿ ಅದಕ್ಕೆ ಬಣ್ಣ ಬರಿಸುತ್ತೇನೆ, ಅಂದಾಗ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ, ಗ್ರಾಂಟ್ ದುಡ್ಡು ಕಣಪ್ಪಾ" ಅಂದರು ನಮ್ಮ ಮೇಡಂ. ಈಗ 17 ಬ್ಲಾಕ್‌ಗಳಲ್ಲಿ (ಅಂಥ ಒಂದೊಂದು ತುಂಡೂ ಒಂದು ಬ್ಲಾಕ್) 14 ಚೆನ್ನಾಗಿ ಬಂದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಡ್ಯಾಬ್ (DAB) ಅನ್ನುವ ಬಣ್ಣದಲ್ಲೇ ಹೋಯಿತು. ಪಾರ್ಕಿನ್ಸನ್‌ನಲ್ಲಿ ಕೋಶಗಳು ಸಾಯುವ ಮಿದುಳಿನ ಭಾಗ ಸಬ್‌ಸ್ಟಾನ್ಷಿಯಾ ನೈಗ್ರಾ; ಅಲ್ಲಿನ ನರಕೋಶಗಳ ಸಹಜ ಬಣ್ಣವಾದ ನ್ಯೂರೋಮೆಲನಿನ್ ತಾನೇ ಕಂದು, ಡ್ಯಾಬ್ ಕೂಡ ಕಂದು. ಮೂರು ತಿಂಗಳು ಲೂಯಿ ಬಾಡಿ, ಅಂದರೆ ಆ ಪ್ರೋಟೀನಿನ ಗಂಟು, ಎಣಿಸಿದೆ. ಒಂದು ಸಂಜೆ ಪ್ರೈಮರಿ ಆಂಟಿಬಾಡಿ (ಪ್ರೋಟೀನನ್ನು ಹಿಡಿಯುವುದು ಇದೇ) ಹಾಕದ ಕಂಟ್ರೋಲ್ ಸ್ಲೈಡನ್ನೂ ಹಾಗೇ ಎಣಿಸಿ ನೋಡಿದರೆ ಹೆಚ್ಚುಕಮ್ಮಿ ಅದೇ ಲೆಕ್ಕ! ನಾನು ಎಣಿಸಿದ್ದು ಮೆಲನಿನ್. ಆ ನೋಟ್‌ಬುಕ್ಕಿನ ಅಷ್ಟೂ ಹಾಳೆಗೆ ಅಡ್ಡಗೆರೆ ಎಳೆದೆ. ನಮ್ಮ ಭಾರತೀಯರ ನೈಗ್ರಾದಲ್ಲಿ ಮೆಲನಿನ್ ಇರುವ ನರಕೋಶಗಳೇ ಕಡಿಮೆ ಎಂದು 1998ರಲ್ಲೇ ನಿಮ್ಹಾನ್ಸ್‌ನವರು ತೋರಿಸಿದ್ದಾರೆ. ಇರುವುದೇ ಕಡಿಮೆ ಇದ್ದಾಗ ಹತ್ತು ಕೋಶ ತಪ್ಪು ಎಣಿಸಿದರೂ ಕೆಲಸವೆಲ್ಲ ಕೆಟ್ಟ ಹಾಗೆ.

ಪರ್ಮಾಂಗನೇಟ್, ಆಕ್ಸಾಲಿಕ್ ಆಸಿಡ್ ಹಾಕಿ ಮೆಲನಿನ್ ತೆಗೆಯಲು ಹೋದೆ. ಮೆಲನಿನ್ ಹೋಯಿತು, ಜೊತೆಗೆ ಸೆಕ್ಷನ್ನೂ (ಬ್ಲಾಕಿನಿಂದ ಕೊಯ್ದ ತೆಳು ಪದರ) ಹರಿದು ಚಿಂದಿಯಾಯಿತು. ಆಮೇಲೆ ಡ್ಯಾಬ್ ಬಿಟ್ಟು ಎಇಸಿ (AEC) ಅನ್ನುವ ಕೆಂಪು ಬಣ್ಣಕ್ಕೆ ಬಂದೆ. ಕೆಂಪು ಅದ್ಭುತವಾಗಿ ಬಂತು. ಅಭ್ಯಾಸಬಲದಿಂದ ನೀರು ತೆಗೆಯಲು ಆಲ್ಕೋಹಾಲ್, ಜೈಲೀನ್ ದಾಟಿಸಿದೆ, ಸುಮಾರು ನಲವತ್ತು ಸ್ಲೈಡಿನ ಬಣ್ಣ ಕಣ್ಣೆದುರೇ ಕರಗಿತು. ಎಇಸಿಗೆ ಆಲ್ಕೋಹಾಲ್ ಸೋಕಿಸಲೇಬಾರದು. ಕೋಶಬೀಜಕ್ಕೆ ನೀಲಿ ಕೊಡುವ ಮೇಯರ್ಸ್ ಹೆಮಟಾಕ್ಸಿಲಿನ್, ಆಮೇಲೆ ನೇರ ಗ್ಲಿಸರಿನ್ ಜೆಲಿಯಲ್ಲಿ ಮುಚ್ಚುವುದು.

ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನು ಆಂಟಿಬಾಡಿಗೆ ಮತ್ತೆ ಸಿಗುವಂತೆ ಮಾಡಲು (ಇದೇ ರಿಟ್ರೀವಲ್) ಅಡುಗೆಮನೆಯ ಐದು ಲೀಟರ್ ಕುಕ್ಕರ್, ಸಿಟ್ರೇಟ್ ಬಫರ್. ಅದೊಂದೇ ಸಾಲಲಿಲ್ಲ, ಗಾಢ ಫಾರ್ಮಿಕ್ ಆಸಿಡ್ ಬೇಕೇಬೇಕು. ಆಸೆಗೆ ಬಿದ್ದು ಹದಿನೈದು ನಿಮಿಷ ಇಟ್ಟಾಗ ಸೆಕ್ಷನ್‌ಗಳು ಸ್ಲೈಡ್ ಬಿಟ್ಟು ತೇಲಿದವು. ಈಗ ಸೆಕ್ಷನ್ ಅಂಟಿ ಕೂರಲು ಸೈಲೇನ್ ಕೋಟ್ ಮಾಡಿದ ಸ್ಲೈಡು, ಒಂದು ರಾತ್ರಿ ಓವನ್ನು, ಆಸಿಡ್ ಐದು ನಿಮಿಷದೊಳಗೆ. ಕುಕ್ಕರ್ ಮೊದಲೋ ಆಸಿಡ್ ಮೊದಲೋ, ನಡುವೆ ಯಾವುದರಲ್ಲಿ ತೊಳೆಯುತ್ತೇನೆ ಅನ್ನುವುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳುವುದಿಲ್ಲ.

ದುಡ್ಡಿನ ಮಾತು. ಲೂಯಿ ಬಾಡಿಯಲ್ಲಿನ ಆಲ್ಫಾ-ಸಿನ್ಯೂಕ್ಲಿನ್ ಹಿಡಿಯುವ ಫಾಸ್ಫೋ-ಸೀರಿನ್ 129 ಆಂಟಿಬಾಡಿ ನಾನು ಕೊಂಡಾಗ ನೂರು ಮೈಕ್ರೋಲೀಟರಿಗೆ 45 ಸಾವಿರ ರೂಪಾಯಿ ಆಸುಪಾಸು ಇತ್ತು. ಮೊದಲ ಸಲ ಎರಡು ತಿಂಗಳು ಕಾದು ಪಾರ್ಸೆಲ್ ಬಿಚ್ಚಿದರೆ ಐಸ್ ಪೂರ್ತಿ ಕರಗಿ ವಯಲ್ ಬೆಚ್ಚಗಿತ್ತು. ಬದಲಿ ಕೊಡಲಿಲ್ಲ. ಈಗ ಬಂದ ದಿನವೇ ಐದೈದು ಮೈಕ್ರೋಲೀಟರ್ ಹಂಚಿ ಫ್ರೀಜರಿಗೆ ಹಾಕುತ್ತೇನೆ. 1:2000ಕ್ಕೆ ಇಳಿಸಿ, ನಾಲ್ಕು ಡಿಗ್ರಿಯಲ್ಲಿ ಎರಡು ರಾತ್ರಿ ಬಿಡುತ್ತೇನೆ. ಒಂದು ವಯಲ್ ಹೆಚ್ಚುಕಮ್ಮಿ ವರ್ಷ ಬರುತ್ತದೆ.

ನಡುವೆ ಅರಿಶಿನದ ಹುಚ್ಚೂ ಹಿಡಿದಿತ್ತು. ಅರಿಶಿನದ ಕರ್ಕ್ಯುಮಿನ್ ಆಲ್ಝೈಮರ್ ಮಿದುಳಿನ ಅಮಿಲಾಯ್ಡ್ ಪ್ಲಾಕಿಗೆ (ಇನ್ನೊಂದು ಪ್ರೋಟೀನಿನ ಗಂಟು) ಅಂಟಿ ಫ್ಲೋರೆಸೆನ್ಸ್ ಬೆಳಕಿನಲ್ಲಿ ಹೊಳೆಯುತ್ತದಲ್ಲ, ಅಂಥ ಮಿದುಳಿನ ಹೊರಪದರದ ಉಳಿದ ಸೆಕ್ಷನ್ನಿಗೆ ಹಾಕಿ ನೋಡಿದೆ. ಮನೆಯ ಅರಿಶಿನಪುಡಿಯಲ್ಲಿ ಬರೀ ಗಲೀಜು, ಶುದ್ಧ ಕರ್ಕ್ಯುಮಿನ್‌ನಲ್ಲಿ ಪ್ಲಾಕು ನಕ್ಷತ್ರದ ಹಾಗೆ. ಆದರೆ ಮುದಿ ಮಿದುಳಿನ ಕೋಶಗಳಲ್ಲಿ ಸೇರಿಕೊಳ್ಳುವ ಲಿಪೋಫ್ಯೂಸಿನ್ ಅನ್ನುವ ಕಸ ತಾನೂ ಹೊಳೆಯುತ್ತದೆ, ಸುಡಾನ್ ಬ್ಲ್ಯಾಕ್ ಅನ್ನುವ ಕಪ್ಪು ಬಣ್ಣ ಹಾಕಿ ಅಡಗಿಸಬೇಕಾಯಿತು. ಚೆಂದದ ಫೋಟೋ ಬಂತು, ಎಣಿಕೆಗೆ ಉಪಯೋಗವಾಗಲಿಲ್ಲ.

ಕೆಂಪು ಕರಗದೆ ನಿಂತ ದಿನ ಮೇಡಂ ಅವರನ್ನು ಕರೆದು ಮೈಕ್ರೋಸ್ಕೋಪಿನ ನಲವತ್ತರ ಲೆನ್ಸಿನಲ್ಲಿ ತೋರಿಸಿದೆ. ಕಂದು ಮೆಲನಿನ್ ಕಣಗಳನ್ನು ಒಂದು ಮೂಲೆಗೆ ಒತ್ತಿ, ಕೋಶದ ನಡುವೆ ದುಂಡಗೆ ಕೂತ ಕೆಂಪು ಲೂಯಿ ಬಾಡಿ. ಅಂಚು ಗಾಢ, ಒಳಗೆ ತಿಳಿ. ಬಹಳ ಹೊತ್ತು ನೋಡಿದರು. "ಇದರ ಕಂಟ್ರೋಲ್ ಸ್ಲೈಡ್ ಎಲ್ಲಿ?" ಅಂದರು. ಪಕ್ಕದಲ್ಲೇ ಇಟ್ಟಿದ್ದೆ. ಅದರಲ್ಲಿ ಒಂದು ಚುಕ್ಕಿ ಕೆಂಪೂ ಇರಲಿಲ್ಲ.

ಬಾರದ ಮೂರು ಬ್ಲಾಕ್‌ಗಳನ್ನು ಎಸೆದಿಲ್ಲ. ಸತ್ತವರ ಮನೆಯವರು ಆ ದುಃಖದಲ್ಲೂ ಒಪ್ಪಿ ಕೊಟ್ಟದ್ದು ಅದು. ಇದೇ ದಾರಿಯಲ್ಲಿ ಈಗ ಮಿದುಳುಕಾಂಡದ ಲೋಕಸ್ ಸೆರುಲಿಯಸ್ ಅನ್ನುವ ಭಾಗ ಕತ್ತರಿಸುತ್ತಿದ್ದೇನೆ, ಅಲ್ಲೂ ಮೆಲನಿನ್ ಕಾಟವೇ.