ಸೀರೆ ಚೆನ್ನಾಗಿದೆ, ಉಟ್ಟರೆ ಯಾಕೆ ಒಪ್ಪುವುದಿಲ್ಲ?

ಬೀರು ತೆಗೆದರೆ ಮೂವತ್ತು ಸೀರೆ ಇರುತ್ತವೆ. ಕೈ ಹೋಗುವುದು ಮಾತ್ರ ಅದೇ ಆರೇಳಕ್ಕೆ. ಉಳಿದವೆಲ್ಲ ನಾವೇ ಇಷ್ಟಪಟ್ಟು ತಂದದ್ದು, ಆದರೂ ಉಟ್ಟು ಕನ್ನಡಿ ಮುಂದೆ ನಿಂತಾಗ ಯಾಕೋ ಮನಸ್ಸಿಗೆ ಹಿಡಿಸುವುದಿಲ್ಲ. ಆಗ ಬಾಯಿಗೆ ಬರುವ ಮೊದಲ ಮಾತು, "ನಾನೇ ದಪ್ಪ ಆಗಿಬಿಟ್ಟಿದ್ದೀನಿ." ಹೋದ ತಿಂಗಳು ನನ್ನ ಸೊಸೆ ಇದೇ ಮಾತು ಹೇಳಿ ಸೀರೆ ಮಡಿಸಿಟ್ಟಳು. ನನಗೆ ತುಂಬಾ ಬೇಜಾರಾಯಿತು. ನಲವತ್ತು ವರ್ಷದಿಂದ ಮನೆಮಂದಿಗೆಲ್ಲ ರವಿಕೆ ಹೊಲಿಯುತ್ತಾ ಬಂದಿದ್ದೇನೆ. ತಪ್ಪು ಮೈಯಲ್ಲಿದ್ದದ್ದನ್ನು ನಾನು ಕಂಡಿಲ್ಲ. ಬಟ್ಟೆಯಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಆ ಜಾಗ ಹುಡುಕಬೇಕು ಅಷ್ಟೇ.

ಹುಡುಕುವುದು ಹೀಗೆ. ಒಂದು ಬಿಡುವಿನ ಬೆಳಗ್ಗೆ ಎರಡು ಸೀರೆ ಹೊರಗೆ ತೆಗೆಯಿರಿ. ಉಟ್ಟಾಗಲೆಲ್ಲ ಯಾರಾದರೂ "ಚೆನ್ನಾಗಿ ಕಾಣ್ತೀರಿ" ಅಂದ ಸೀರೆ ಒಂದು. ಆಸೆಪಟ್ಟು ತಂದು, ಒಂದೇ ಸಲ ಉಟ್ಟು ಒಳಗಿಟ್ಟದ್ದು ಇನ್ನೊಂದು. ಎರಡನ್ನೂ ಒಂದಾದ ಮೇಲೆ ಒಂದು ಉಟ್ಟು, ಅದೇ ಕಿಟಕಿಯ ಬೆಳಕಲ್ಲಿ, ಅದೇ ಕನ್ನಡಿ ಮುಂದೆ ನಿಲ್ಲಿ. ಇಡೀ ಸೀರೆ ನೋಡಬೇಡಿ. ಭುಜ, ಸೊಂಟ, ಅಂಚು, ಗಲ್ಲದ ಕೆಳಗೆ, ಹೀಗೆ ಒಂದೊಂದೇ ಜಾಗ ನೋಡಿ. ಫೋನಿನಲ್ಲಿ ಯಾರಾದರೂ ಫೋಟೋ ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು. ನಡೆಯುವಾಗ, ಕೂತಾಗ ತೆಗೆಸಿಕೊಳ್ಳಿ. ಕನ್ನಡಿ ಮುಂದೆ ನಾವೆಲ್ಲ ನೆಟ್ಟಗೆ ನಿಲ್ಲುತ್ತೇವೆ. ಮದುವೆ ಮನೆಯಲ್ಲಿ ಹಾಗೆ ನಿಂತೇ ಇರುವುದಿಲ್ಲವಲ್ಲ.

ನಾನೇ ಹೀಗೆ ನೋಡಿದ್ದು ಒಂದೇ ಬಣ್ಣದ ಎರಡು ಸೀರೆಗಳನ್ನು. ಎರಡೂ ಎಲೆಹಸಿರು. ಒಂದು ಹಳೆಯ ಮೈಸೂರು ಸಿಲ್ಕ್, ಇನ್ನೊಂದು ರೇಷ್ಮೆ ಆರ್ಗಂಜಾ. ಮೈಸೂರು ಸಿಲ್ಕ್ ಉಟ್ಟರೆ ಮೈಗೆ ನೀರು ಸುರಿದ ಹಾಗೆ ಇಳಿಯುತ್ತದೆ. ಆರ್ಗಂಜಾ ಸೊಂಟದ ಹತ್ತಿರ ಕೊಡೆಯಂತೆ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಕಾರಣ ನೂಲಿನಲ್ಲೇ ಇದೆ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ. ನೂಲಿಗೆ ಗಟ್ಟಿಯಾಗಿ ಹುರಿ ಹಾಕಿ ನೇಯುತ್ತಾರೆ, ಆಮೇಲೆ ರೇಷ್ಮೆಯ ಸಹಜ ಅಂಟನ್ನು ತೆಗೆಯುತ್ತಾರೆ. ಅದಕ್ಕೇ ಅದು ಬಳುಕುತ್ತದೆ. ಆರ್ಗಂಜಾಗೂ ಹುರಿ ಇದೆ, ಆದರೆ ಅಂಟು ತೆಗೆದಿರುವುದಿಲ್ಲ. ಹಾಗಾಗಿ ಸೆಟೆದು ನಿಲ್ಲುತ್ತದೆ. ಬಟ್ಟೆ ಕೆಟ್ಟದ್ದು ಅಂತ ಅರ್ಥ ಅಲ್ಲ. ಸಣ್ಣ ಮೈಯವರಿಗೆ ಅದೇ ಸೆಟೆತ ಮೈತುಂಬಿಕೊಂಡ ಹಾಗೆ ಕಾಣಿಸುತ್ತದೆ. ನನ್ನ ಆರ್ಗಂಜಾವನ್ನು ತಂಗಿಯ ಮಗಳಿಗೆ ಕೊಟ್ಟೆ. ಅವಳಿಗೆ ಹೇಳಿ ಮಾಡಿಸಿದ ಹಾಗಿದೆ. ಗಂಜಿ ಹಾಕಿದ ಹತ್ತಿ ಸೀರೆಯೂ ಇದೇ ಜಾತಿ. ಸೊಂಟದ ಹತ್ತಿರ ಉಬ್ಬುತ್ತದೆ ಅನ್ನಿಸಿದರೆ ಗಂಜಿಯನ್ನು ಅರ್ಧಕ್ಕೆ ಇಳಿಸಿ, ತೆಳ್ಳಗೆ ತಿಳಿ ಮಾಡಿ ಹಾಕಿ. ಇಸ್ತ್ರಿ ಮಾಡುವಾಗ ನೆರಿಗೆ ಬರುವ ಭಾಗಕ್ಕೆ ಸ್ವಲ್ಪ ಜಾಸ್ತಿ ನೀರು ಚಿಮುಕಿಸಿ.

ಒಳಗಿನ ಲಂಗವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆತ್ತನೆ ಸೀರೆಗೆ ಅಗಲ ಘೇರಿನ ಲಂಗ ಹಾಕಿದರೆ ಒಳಗಿನ ಮಡಿಕೆ ಎಲ್ಲ ಹೊರಗೆ ಎದ್ದು ಕಾಣುತ್ತದೆ. ಲಾಡಿಯ ಗಂಟು ಹೊಟ್ಟೆಯ ಮೇಲೆ ನೆರಿಗೆಯ ಹಿಂದೆಯೇ ಕೂತರೆ ಅಲ್ಲೊಂದು ಉಂಡೆ. ಗಂಟನ್ನು ಎಡಪಕ್ಕಕ್ಕೆ ಸರಿಸಿ, ಎಷ್ಟು ವ್ಯತ್ಯಾಸ ಅಂತ ನೀವೇ ನೋಡಿ.

ಈಗ ಅಂಚಿನ ವಿಷಯ. ನನ್ನ ಓರಗಿತ್ತಿ ಗಿಡ್ಡ, ನಾಲ್ಕು ಅಡಿ ಹತ್ತು ಇಂಚು. ದೊಡ್ಡಂಚಿನ ಸೀರೆ ಅಂದರೆ ಅವಳಿಗೆ ಪ್ರಾಣ. ಉಟ್ಟರೆ ಇನ್ನೂ ಗಿಡ್ಡ ಕಾಣುತ್ತಾಳೆ. ಯಾಕೆ ಅಂತ ಒಂದು ದಿನ ಟೇಪ್ ಹಿಡಿದು ಅಳೆದೆವು. ಸೀರೆಯ ಅಗಲ ಸುಮಾರು 46 ಇಂಚು. ಎತ್ತರದವರು ಉಟ್ಟಾಗ ಅದರಲ್ಲಿ 40 ಇಂಚು ಹೊರಗೆ ಕಾಣುತ್ತದೆ. ಅವಳು ಉಟ್ಟಾಗ 35 ಇಂಚು. ಹೆಚ್ಚಿಗೆ ಇದ್ದದ್ದನ್ನು ಸೊಂಟದಲ್ಲಿ ಸಿಕ್ಕಿಸುತ್ತೇವಲ್ಲ, ಹಾಗಾಗಿ ಕಮ್ಮಿಯಾಗುವುದು ಒಡಲು ಮಾತ್ರ, ಅಂದರೆ ಅಂಚು ಬಿಟ್ಟು ಸೀರೆಯ ನಡುವಿನ ಭಾಗ. ಕೆಳಗಿನ ಹತ್ತು ಇಂಚಿನ ಅಂಚು ಇದ್ದಷ್ಟೇ ಇರುತ್ತದೆ. ಎತ್ತರದವರಿಗೆ ನಾಲ್ಕರಲ್ಲಿ ಒಂದು ಭಾಗ ಇದ್ದ ಅಂಚು ಅವಳಿಗೆ ಮೂರೂವರೆಯಲ್ಲಿ ಒಂದು ಭಾಗ ಆಯಿತು. ನೋಡುವವರ ಕಣ್ಣು ಅಲ್ಲೇ ಅಡ್ಡಗೆರೆ ಎಳೆದ ಹಾಗೆ ನಿಲ್ಲುತ್ತದೆ. ಅವಳು ಈಗ ಎರಡು ಮೂರು ಇಂಚಿನ ಅಂಚು ನೋಡುತ್ತಾಳೆ. ದೊಡ್ಡಂಚೇ ಬೇಕು ಅಂದಾಗ ಅಂಚೂ ಒಡಲೂ ಹತ್ತಿರದ ಬಣ್ಣ ಇರುವುದನ್ನು ಆರಿಸುತ್ತಾಳೆ. ನೇರಳೆ ಒಡಲಿಗೆ ನೀಲಿ ಅಂಚು ಇದ್ದರೆ ಕಣ್ಣು ಜಾರಿಕೊಂಡು ಕೆಳಗೆ ಹೋಗುತ್ತದೆ. ಹಳದಿಗೆ ಕಡುಗೆಂಪು ಅಂಚಾದರೆ ಹೋಗುವುದಿಲ್ಲ.

ಚೂಡಿದಾರಕ್ಕೂ ಇದೇ ಮಾತು. ಕುರ್ತಾ ಎಲ್ಲಿ ಮುಗಿಯುತ್ತದೋ ಅಲ್ಲಿ ಕಣ್ಣು ನಿಲ್ಲುತ್ತದೆ. ಮೀನಖಂಡದ ದಪ್ಪ ಜಾಗದಲ್ಲಿ ಮುಗಿದರೆ ಕಾಲೆಲ್ಲ ದಪ್ಪ. ಅದನ್ನೇ ಎರಡು ಇಂಚು ಮೇಲೆ, ಮಂಡಿಯ ಕೆಳಗೆ ಸಣ್ಣಗಾಗುವ ಕಡೆ ಮಡಿಸಿ ಹೊಲಿದರೆ ಸರಿಹೋಗುತ್ತದೆ. ರವಿಕೆಯ ತೋಳೂ ಹಾಗೆಯೇ. ತೋಳಿನ ದಪ್ಪ ಜಾಗದಲ್ಲೇ ಪಟ್ಟಿ ಬಂದರೆ ಒಂದು ಇಂಚು ಇಳಿಸಿ ಇಲ್ಲವೇ ಏರಿಸಿ.

ರವಿಕೆಯ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು. ಸೀರೆ ಒಪ್ಪಲಿಲ್ಲ ಅಂತ ನಾವು ಅಂದುಕೊಳ್ಳುವುದರಲ್ಲಿ ಅರ್ಧಕ್ಕರ್ಧ ರವಿಕೆ ಒಪ್ಪದೇ ಇದ್ದದ್ದು. ಸೊಸೆಯ ವಿಷಯದಲ್ಲೂ ಅದೇ ಆಗಿತ್ತು. ದುಬಾರಿ ಕೂಲಿ ಕೊಟ್ಟು ಹೊರಗೆ ಹೊಲಿಸಿದ ರವಿಕೆ. ಸುಮ್ನೆ ನಿಂತರೆ ಚೆನ್ನಾಗಿಯೇ ಇತ್ತು. "ಕೈ ಎತ್ತು ನೋಡೋಣ" ಅಂದೆ. ಎತ್ತಿದ ಕೂಡಲೇ ಇಡೀ ರವಿಕೆ ಎರಡು ಇಂಚು ಮೇಲೆ ಬಂತು. ಕೈ ಇಳಿಸಿದರೂ ಪೂರ್ತಿ ಇಳಿಯಲಿಲ್ಲ. ಎದೆಯ ಮೇಲೆ ಸುಕ್ಕು ಕೂತುಬಿಟ್ಟಿತು. ದಪ್ಪ ಕಾಣುತ್ತೀನಿ ಅಂದದ್ದು ಆ ಸುಕ್ಕಿಗೆ!

ಕಾರಣ ಕಂಕುಳು. ಹೊಲಿದವರು ಆರಾಮಾಗಿರಲಿ ಅಂತ ಕಂಕುಳನ್ನು ಆಳವಾಗಿ ಕತ್ತರಿಸಿದ್ದರು. ನಾವೂ ಹಾಗೇ ಕೇಳುತ್ತೇವೆ, "ಕಂಕುಳು ಸ್ವಲ್ಪ ಲೂಸ್ ಇಡಿ" ಅಂತ. ಆದರೆ ಆಗುವುದು ಉಲ್ಟಾ. ಕಂಕುಳು ಕೆಳಗೆ ಇಳಿದಷ್ಟೂ ತೋಳಿಗೂ ಪಕ್ಕದ ಹೊಲಿಗೆಗೂ ಬಿಗಿಯಾದ ನಂಟು. ಕೈ ಎತ್ತಿದರೆ ಮೈಯನ್ನೂ ಎಳೆದುಕೊಂಡೇ ಹೋಗುತ್ತದೆ. ಕಂಕುಳು ಚುಚ್ಚದಷ್ಟು ಮೇಲೆ, ಮೈಗೆ ಹತ್ತಿರವಾಗಿ ಇದ್ದರೆ ಕೈ ಮಾತ್ರ ಏಳುತ್ತದೆ, ರವಿಕೆ ಇದ್ದಲ್ಲೇ ಇರುತ್ತದೆ. ಸೊಸೆಯ ರವಿಕೆಯ ಎರಡೂ ತೋಳು ಬಿಚ್ಚಿದೆ. ಭುಜದ ಹೊಲಿಗೆಯಲ್ಲಿ ಅರ್ಧ ಇಂಚು ಒಳಗೆ ತೆಗೆದುಕೊಂಡೆ. ಕಂಕುಳು ತಾನಾಗಿ ಅರ್ಧ ಇಂಚು ಮೇಲೆ ಬಂತು. ತೋಳಿನ ಅಡಿಯಲ್ಲೂ ಅಷ್ಟು ಕಮ್ಮಿ ಮಾಡಿ ಮತ್ತೆ ಕೂರಿಸಿದೆ. ಉದ್ದ ಕಮ್ಮಿಯಾಯಿತಲ್ಲ, ಕೆಳಗೆ ಮಡಿಸಿದ್ದ ಬಟ್ಟೆಯಿಂದ ಅರ್ಧ ಇಂಚು ಬಿಟ್ಟುಕೊಟ್ಟೆ. ಒಂದು ಮಧ್ಯಾಹ್ನದ ಕೆಲಸ.

ಸುಕ್ಕು ಓದುವುದನ್ನು ಕಲಿತುಕೊಳ್ಳಿ. ಅಡ್ಡ ಸುಕ್ಕು ಬಂದರೆ ಅಲ್ಲಿ ಬಿಗಿ. ಉದ್ದಕ್ಕೆ ಮಡಿಕೆ ಬಿದ್ದರೆ ಅಲ್ಲಿ ಸಡಿಲ. ಓರೆಯಾಗಿ ಬಂದರೆ ಅದರ ಜಾಡು ಹಿಡಿದು ಹೋಗಿ, ಎಲ್ಲಿಂದ ಹೊರಡುತ್ತದೋ ಅಲ್ಲಿ ಬಟ್ಟೆ ಎಳೆಯುತ್ತಿದೆ. ನಮ್ಮ ಗಂಡಸರ ಅಂಗಿಗೂ ಇದು ಅನ್ವಯ. ಅವರ ಅಂಗಿಯಲ್ಲಿ ಮಾತ್ರ ಮೊದಲು ಭುಜ ನೋಡಿ. ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಬರಬೇಕು. ಸೊಂಟ ಸಡಿಲ ಇದ್ದರೆ ಪಕ್ಕದಲ್ಲಿ ಒಂದು ಹೊಲಿಗೆ ಹಾಕಿಕೊಳ್ಳಬಹುದು. ರೆಡಿಮೇಡ್ ಅಂಗಿಯ ಭುಜ ಜೋಲುತ್ತಿದ್ದರೆ ಸರಿ ಮಾಡುವುದು ದೊಡ್ಡ ತಾಪತ್ರಯ, ಕೊಳ್ಳಲೇಬೇಡಿ.

ಬಣ್ಣದ ಬಗ್ಗೆ ನನಗೆ ಚಿಕ್ಕಂದಿನಿಂದ ಒಂದು ನೋವಿದೆ. ನಮ್ಮ ತವರು ಬಾಗಲಕೋಟೆ ಕಡೆ. ನಮ್ಮಕ್ಕನದು ಎಣ್ಣೆಗಪ್ಪು ಬಣ್ಣ. "ಕಪ್ಪಗಿದ್ದಾಳೆ, ತಿಳಿ ಬಣ್ಣ ಉಡಿಸಿ" ಅಂತ ಬಂದವರೆಲ್ಲ ಹೇಳುತ್ತಿದ್ದರು. ತಿಳಿ ಗುಲಾಬಿ, ಕೆನೆ ಬಣ್ಣ ಉಡಿಸುತ್ತಿದ್ದರು. ಅವಳ ಮುಖ ಬೂದಿ ಬಳಿದ ಹಾಗೆ ಮಂಕಾಗುತ್ತಿತ್ತು. ಒಂದು ಹಬ್ಬಕ್ಕೆ ಅವ್ವ ತನ್ನ ಇಳಕಲ್ ಸೀರೆ ಉಡಿಸಿದಳು. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆ ಸೆರಗು, ಮೈಗೆ ಗುಳೇದಗುಡ್ಡದ ಖಣದ ಕುಪ್ಪಸ. ಅಕ್ಕನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. ಆ ಹೊತ್ತು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಇಳಕಲ್ಲಿನಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸು ನೂಲನ್ನೂ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲನ್ನು, ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಹೊಳೆಯುವ ಭಾಗ ಮುಖದ ಹತ್ತಿರವೇ ಬರುತ್ತದೆ. ಬಿದ್ದ ಬೆಳಕು ಆ ಬಣ್ಣವನ್ನು ಹೊತ್ತುಕೊಂಡು ಗಲ್ಲಕ್ಕೆ, ಕೆನ್ನೆಗೆ ಏರುತ್ತದೆ.

ಹಾಗಾಗಿ ಯಾರಿಗೆ ಯಾವ ಬಣ್ಣ ಅಂತ ಬಾಯಿಮಾತಿನ ಪಟ್ಟಿ ನಂಬಬೇಡಿ. ಹಗಲು ಕಿಟಕಿಯ ಪಕ್ಕ ಕೂತು, ಸೆರಗನ್ನು ಗಲ್ಲದ ಕೆಳಗೆ ಹಿಡಿದು ಮುಖ ನೋಡಿಕೊಳ್ಳಿ. ಸೀರೆ ನೋಡಬೇಡಿ. ಕಣ್ಣಿನ ಕೆಳಗಿನ ಕಪ್ಪು ಹೆಚ್ಚಾಯಿತಾ, ಕಮ್ಮಿಯಾಯಿತಾ? ಅದೇ ಉತ್ತರ.

ಅಂಗಡಿಯಲ್ಲಿ ಇನ್ನೊಂದು ಮೋಸ ಆಗುತ್ತದೆ, ಬೇಕೆಂದು ಯಾರೂ ಮಾಡಿದ್ದಲ್ಲ. ಹತ್ತು ಸೀರೆ ಒಂದರ ಮೇಲೊಂದು ಹಾಸಿರುತ್ತಾರೆ. ಹಸಿರಿನ ಪಕ್ಕ ಬಿದ್ದ ಕೆಂಪು ಇನ್ನೂ ಕೆಂಪಾಗಿ ಹೊಳೆಯುತ್ತದೆ. ಮನೆಗೆ ತಂದು ಒಂದನ್ನೇ ಬಿಡಿಸಿದರೆ ಸಪ್ಪೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಹಿಂದೆ ಇಂಥದೇ ದೂರು ಬಂದಿತ್ತು, ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ. ಅಲ್ಲಿ ಬಣ್ಣದ ಮನೆಯ ಮುಖ್ಯಸ್ಥರಾಗಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಪರೀಕ್ಷಿಸಿದರು. ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲು ಕಪ್ಪನ್ನು ಮಂಕು ಮಾಡಿದ್ದವು. 1839ರಲ್ಲಿ ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು. ನೀವೂ ಮೆಚ್ಚಿದ ಸೀರೆಯನ್ನು ರಾಶಿಯಿಂದ ಬೇರೆ ಮಾಡಿ, ಬಾಗಿಲ ಬೆಳಕಿಗೆ ತಂದು ಒಂದನ್ನೇ ನೋಡಿ.

ಬಣ್ಣ ಒಪ್ಪದ ಸೀರೆ ಈಗಾಗಲೇ ಮನೆಯಲ್ಲಿದ್ದರೆ ಚಿಂತೆ ಬೇಡ. ಮುಖದ ಹತ್ತಿರ ಬರುವುದು ರವಿಕೆ ಮತ್ತು ಸೆರಗಿನ ಅಂಚು ಮಾತ್ರ. ಅಂಚಿನ ಬಣ್ಣವೋ, ಹೂವಿನಲ್ಲಿರುವ ಒಂದು ಗಾಢ ಬಣ್ಣವೋ ನಿಮಗೆ ಒಪ್ಪುವಂತಿದ್ದರೆ ಅದೇ ಬಣ್ಣದ ರವಿಕೆ ಹಾಕಿ. ಸೆರಗನ್ನು ಸಣ್ಣ ನೆರಿಗೆ ಹಿಡಿದು, ಕುತ್ತಿಗೆಯಿಂದ ದೂರ, ಭುಜದ ತುದಿಗೆ ಪಿನ್ ಮಾಡಿ. ನನ್ನ ಒಂದು ಬೂದುಬಣ್ಣದ ಸೀರೆ ಆರು ವರ್ಷ ಮಡಿಕೆಯಲ್ಲೇ ಇತ್ತು. ಕಡು ಕುಂಕುಮ ಬಣ್ಣದ ರವಿಕೆ ಹೊಲಿದುಕೊಂಡ ಮೇಲೆ ಈ ವರ್ಷವೇ ನಾಲ್ಕು ಸಲ ಉಟ್ಟೆ.

ಹೊಸ ರವಿಕೆ ಹೊಲಿಸಲು ಕೊಡುವಾಗ ಇಷ್ಟು ಹೇಳಿ ಬನ್ನಿ. ಎರಡು ಪಕ್ಕಕ್ಕೂ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಲಿ, ಕೆಳಗಿನ ಮಡಿಕೆಯಲ್ಲೂ ಒಂದು ಇಂಚು ಇರಲಿ, ಕತ್ತರಿಸಿ ಹಾಕುವುದು ಬೇಡ. ರವಿಕೆ ಕೈಗೆ ಬಂದ ದಿನ ಅಲ್ಲೇ ಹಾಕಿಕೊಂಡು, ಮೇಲಿನ ಕಪಾಟಿನಿಂದ ಡಬ್ಬ ಇಳಿಸುವ ಹಾಗೆ ಎರಡೂ ಕೈ ಎತ್ತಿ ನೋಡಿ. ರವಿಕೆಯ ಕೆಳಗಿನ ಪಟ್ಟಿ ಮೇಲೆ ಬಂದರೆ ಅಲ್ಲೇ ಬಿಚ್ಚಿ ಕೊಟ್ಟು ಬನ್ನಿ.