‘ಹೊಟ್ಟಿಗಿ ಒಂದು ಸೂಜಿ ಮಾಡ್ಯಾರ್ರಿ’ ಎಂದರೆ ಸಾಲದು: ಹೃದಯಾಘಾತದ ರೋಗಿಯ ಔಷಧದ ಲೆಕ್ಕ ಇಡುವುದು ಹೇಗೆ?

ಸುರಪುರ, ಚಿಂಚೋಳಿ, ಸೇಡಂ ಕಡೆಯಿಂದ ಹೃದಯಾಘಾತದ ರೋಗಿಯನ್ನು ಆಂಜಿಯೋಪ್ಲಾಸ್ಟಿಗೆಂದು (ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಕೊಳವೆ ಹಾಕಿ ತೆರೆಯುವ ಚಿಕಿತ್ಸೆ) ಕಲಬುರಗಿಗೆ ಕರೆತರುವ ಮನೆಯವರು ಆಧಾರ್, ರೇಷನ್ ಕಾರ್ಡ್, ಇಸಿಜಿ ಪಟ್ಟಿ ಎಲ್ಲವನ್ನೂ ಜೋಪಾನವಾಗಿ ತಂದಿರುತ್ತಾರೆ. ರಕ್ತ ತೆಳು ಮಾಡುವ ಔಷಧ ಯಾವುದು ಕೊಟ್ಟರೆಂದು ಕೇಳಿದರೆ ಮಾತ್ರ, ‘ಹೊಟ್ಟಿಗಿ ಒಂದು ಸೂಜಿ ಮಾಡ್ಯಾರ್ರಿ’ ಎಂಬ ಉತ್ತರ ಬರುತ್ತದೆ. ಈ ಚಿಕಿತ್ಸೆ ನಡೆಯುವ ಕ್ಯಾಥ್‌ಲ್ಯಾಬ್‌ನ ಔಷಧ ವಿಭಾಗದಲ್ಲಿದ್ದು ಈ ಉತ್ತರವನ್ನು ಮತ್ತೆ ಮತ್ತೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ಎದೆನೋವು ಬಂದ ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ದೊರೆಯುತ್ತದೆ. ಅದನ್ನು ಕೊಟ್ಟಿದ್ದರೆ ಅದರ ಹೊತ್ತನ್ನೂ ಬರೆಸಿಕೊಳ್ಳಿ.

ಎರಡನೆಯ ಹಂತ: ರೋಗಿಯ ತೂಕ ತಿಳಿಸಿ. ಈ ಔಷಧಗಳಲ್ಲಿ ಹೆಚ್ಚಿನವನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. 45 ಕಿಲೋ ತೂಗುವ ಅಜ್ಜಿಯನ್ನು ಅಂದಾಜಿನಲ್ಲಿ 60 ಕಿಲೋ ಎಂದುಬಿಟ್ಟರೆ ಮೂರನೇ ಒಂದು ಪಾಲು ಹೆಚ್ಚು ಔಷಧ ಮೈಸೇರುತ್ತದೆ. ತೂಕ ನೋಡಲೆಂದು ರೋಗಿಯನ್ನು ಎಬ್ಬಿಸಿ ನಿಲ್ಲಿಸಬೇಡಿ. ಇತ್ತೀಚೆಗೆ ತೂಗಿಸಿದ್ದು ನೆನಪಿದ್ದರೆ ಅದನ್ನೇ ಹೇಳಿ.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುವುದು. ಹೊಟ್ಟೆಯ ಚರ್ಮದಡಿ ಕೊಡುವ ಸೂಜಿಗಳಲ್ಲಿ ಎರಡು ಮುಖ್ಯ: ಎನಾಕ್ಸಪಾರಿನ್ ಮತ್ತು ಫಾಂಡಪಾರಿನಕ್ಸ್. ನೋಡುವವರ ಕಣ್ಣಿಗೆ ಎರಡೂ ಒಂದೇ, ಆದರೆ ಆಂಜಿಯೋಪ್ಲಾಸ್ಟಿಯ ಮೇಜಿನ ಮೇಲೆ ಇವೆರಡರ ನಿಯಮ ತದ್ವಿರುದ್ಧ. ಎನಾಕ್ಸಪಾರಿನ್ ಅನ್ನು ಸಾಮಾನ್ಯವಾಗಿ ಕಿಲೋಗೆ 1 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಕೊಡುತ್ತಾರೆ. ಕ್ರಮದಂತೆ ಕೊಡುತ್ತಿರುವಾಗ ಕೊನೆಯ ಸೂಜಿಯಾಗಿ 8 ಗಂಟೆ ಕಳೆದಿರದಿದ್ದರೆ ಇನ್ನಷ್ಟು ಔಷಧ ಬೇಕಾಗುವುದಿಲ್ಲ. 8ರಿಂದ 12 ಗಂಟೆಯಾಗಿದ್ದರೆ ಅದೇ ಔಷಧದ ಸಣ್ಣ ಪ್ರಮಾಣವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದರ ಮೇಲೆ ರಕ್ತ ತೆಳು ಮಾಡುವ ಇನ್ನೊಂದು ಔಷಧವಾದ ಹೆಪಾರಿನ್ ಹೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಫಾಂಡಪಾರಿನಕ್ಸ್ ಆಗಿದ್ದರೆ ಹೆಪಾರಿನ್ ಕೊಡಲೇಬೇಕು. 2006ರ ಒಯಾಸಿಸ್-5 ಅಧ್ಯಯನದಲ್ಲಿ, 20,000ಕ್ಕೂ ಹೆಚ್ಚು ರೋಗಿಗಳಲ್ಲಿ, ಫಾಂಡಪಾರಿನಕ್ಸ್ ಪಡೆದವರಿಗೆ ಎನಾಕ್ಸಪಾರಿನ್ ಪಡೆದವರಿಗಿಂತ ತೀವ್ರ ರಕ್ತಸ್ರಾವ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು. ಆದರೆ ಇದೊಂದನ್ನೇ ನಂಬಿ ಆಂಜಿಯೋಪ್ಲಾಸ್ಟಿ ಮಾಡಿದಾಗ ಕ್ಯಾಥೆಟರ್ ಕೊಳವೆಯಲ್ಲೇ ಹೆಪ್ಪುಗಟ್ಟುವುದು ಹೆಚ್ಚಾಗಿ ಕಂಡುಬಂತು. ಹೀಗಾಗಿ, ‘ಹೊಟ್ಟೆಗೆ ಸೂಜಿ’ ಎಂದಷ್ಟೇ ಕೇಳಿದ ವೈದ್ಯರು ಹೆಪಾರಿನ್ ಕೊಡಬೇಕೋ ಬಿಡಬೇಕೋ ಎಂದು ಮೊದಲಿನ ಆಸ್ಪತ್ರೆಗೆ ಫೋನ್ ಮಾಡುತ್ತಾ ನಿಲ್ಲಬೇಕಾಗುತ್ತದೆ.

ಆದ್ದರಿಂದ ಹೊರಡುವ ಮುನ್ನ ರೆಫರಲ್ ಚೀಟಿಯ ಮೇಲ್ಭಾಗದಲ್ಲಿ ಔಷಧದ ಮೂಲ ಹೆಸರು, ಪ್ರಮಾಣ, ಕೊಟ್ಟ ಗಂಟೆ-ನಿಮಿಷ, ರಕ್ತನಾಳಕ್ಕೋ ಚರ್ಮದಡಿಯೋ ಎಂಬ ನಾಲ್ಕನ್ನೂ ಬರೆಸಿಕೊಳ್ಳಿ. ಕಂಪನಿಯ ಹೆಸರೊಂದೇ ಸಾಲದು. ಮೊಬೈಲ್‌ನಲ್ಲಿ ಫೋಟೋ ತೆಗೆದರಾಯಿತು ಎಂಬ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಫೋಟೋ ತೆಗೆದ ಮಗ ಬೈಕಿನಲ್ಲಿ ಹಿಂದೆ ಉಳಿದು, ರೋಗಿ ಆಂಬುಲೆನ್ಸ್‌ನಲ್ಲಿ ಮುಂದೆ ಬಂದದ್ದನ್ನು ನೋಡಿದ್ದೇನೆ. ಚೀಟಿ ರೋಗಿಯ ಜೊತೆಗೇ ಇರಲಿ.

ನಾಲ್ಕನೆಯ ಹಂತ: ಕ್ಯಾಥ್‌ಲ್ಯಾಬ್‌ನಲ್ಲಿ ಯಾವ ಔಷಧ ಬಳಸಬೇಕೆಂಬುದು ವೈದ್ಯರ ತೀರ್ಮಾನ, ಆದರೆ ಕಾರಣ ತಿಳಿದಿದ್ದರೆ ನಿಮ್ಮ ಗಾಬರಿ ಕಡಿಮೆಯಾಗುತ್ತದೆ. ಹೆಪಾರಿನ್ ಹಳೆಯದು, ಅಗ್ಗದ್ದು. ಅದರ ಪರಿಣಾಮವನ್ನು ಅಲ್ಲೇ ಎಸಿಟಿ ಎಂಬ ಪರೀಕ್ಷೆಯಿಂದ ಅಳೆಯಬಹುದು, ರಕ್ತಸ್ರಾವವಾದರೆ ಪ್ರೋಟಮಿನ್ ಕೊಟ್ಟು ಇಳಿಸಬಹುದು. ಎನಾಕ್ಸಪಾರಿನ್‌ನ ಪರಿಣಾಮವನ್ನು ಪ್ರೋಟಮಿನ್ ಭಾಗಶಃ ಮಾತ್ರ ಇಳಿಸುತ್ತದೆ. ರಕ್ತ ತೆಳು ಮಾಡುವ ಮತ್ತೊಂದು ಔಷಧ ಬೈವಾಲಿರುಡಿನ್, ಜಿಗಣೆಯ ಜೊಲ್ಲಿನ ಹಿರುಡಿನ್ ಎಂಬ ವಸ್ತುವಿನ ಮಾದರಿಯಲ್ಲಿ ತಯಾರಾದದ್ದು. ಮೂತ್ರಪಿಂಡ ಸರಿಯಿದ್ದವರಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಸುಮಾರು 25 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 2008ರ ಹೊರೈಜನ್ಸ್-ಎಎಂಐ ಅಧ್ಯಯನದಲ್ಲಿ ಅದು ರಕ್ತಸ್ರಾವವನ್ನು ತಗ್ಗಿಸಿತಾದರೂ ಮೊದಲ 24 ಗಂಟೆಗಳಲ್ಲಿ ಸ್ಟೆಂಟ್‌ನೊಳಗೆ (ರಕ್ತನಾಳ ತೆರೆದಿರಲೆಂದು ಇಡುವ ಜಾಲರಿ ಕೊಳವೆ) ಹೆಪ್ಪುಗಟ್ಟುವುದು ಹೆಚ್ಚಾಯಿತು. ಆಂಜಿಯೋಪ್ಲಾಸ್ಟಿ ಮುಗಿದ ಮೇಲೂ 2ರಿಂದ 4 ಗಂಟೆ ಅದನ್ನು ಪೂರ್ಣ ಪ್ರಮಾಣದಲ್ಲಿ ಹರಿಸಿದ ಚೀನಾದ ಬ್ರೈಟ್-4 ಅಧ್ಯಯನದಲ್ಲಿ (2022) ಸಾವು ಮತ್ತು ತೀವ್ರ ರಕ್ತಸ್ರಾವ ಎರಡೂ ಹೆಪಾರಿನ್‌ಗಿಂತ ಕಡಿಮೆಯಿದ್ದವು. ಹಾಗೆಂದು ದುಬಾರಿ ಔಷಧವೇ ಬೇಕೆಂದು ಸಾಲ ಮಾಡಬೇಡಿ. ರಕ್ತಸ್ರಾವದ ಭಯವಿದ್ದರೆ, ಕೊಳವೆಯನ್ನು ತೊಡೆಯ ಬದಲು ಮಣಿಕಟ್ಟಿನಿಂದ ಹಾಕಲು ಸಾಧ್ಯವೇ ಎಂದು ಮೊದಲು ಕೇಳಿ.

ಐದನೆಯ ಹಂತ: ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಗುಳಿಗೆಗಳನ್ನೆಲ್ಲ ಹೇಳಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಮೊಣಕಾಲು ನೋವಿನ ಗುಳಿಗೆಗಳನ್ನು ಮುಚ್ಚಿಡುವವರೇ ಹೆಚ್ಚು. ಅವು ಹೊಟ್ಟೆಯೊಳಗೆ ರಕ್ತಸ್ರಾವ ತರುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಎನಾಕ್ಸಪಾರಿನ್, ಫಾಂಡಪಾರಿನಕ್ಸ್ ಎರಡೂ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಹಳೆಯ ಕ್ರಿಯಾಟಿನಿನ್ ವರದಿ ಮನೆಯಲ್ಲಿದ್ದರೆ ತನ್ನಿ. ನಮ್ಮ ಕಡೆ ಮೇ ತಿಂಗಳ ಬಿಸಿಲಿನಲ್ಲಿ ಹೊಲದಿಂದ ನೇರವಾಗಿ ಬಂದ, ಮೈಯ ನೀರು ಆರಿದ ರೋಗಿಯಾದರೆ ಅದನ್ನೂ ಬಾಯಿಬಿಟ್ಟು ಹೇಳಿ.