ಪೇಟೆಯಲ್ಲಿ ಪಾರ್ಕಿಂಗ್ ಸರಿಮಾಡಬೇಕೆ? ಮೊದಲು ಗಾಡಿ ಎಣಿಸಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಂಜೆ ಹೋಗಿ ನೋಡಿ. ಅಂಗಡಿ ಮುಂದೆ ಬೈಕು, ಅದರ ಹಿಂದೆ ಇನ್ನೊಂದು ಸಾಲು ಬೈಕು, ಪಕ್ಕದಲ್ಲಿ ತಳ್ಳುಬಂಡಿ, ಉಳಿದ ಜಾಗದಲ್ಲಿ ಟಂಟಂ ಆಟೊ. ಇಂಥ ಕಡೆ ಪಾರ್ಕಿಂಗ್ ಸರಿಮಾಡ್ತೀವಿ ಅಂತ ಹೊರಟವರು ಮೊದಲು ಬಿಳಿ ಗೆರೆ ಎಳೆಸ್ತಾರೆ, ಇಲ್ಲವೇ ಟೋಯಿಂಗ್ ಗಾಡಿ ತರಿಸ್ತಾರೆ. ಎರಡೂ ಆಮೇಲಿನ ಕೆಲಸ. ವ್ಯಾಪಾರಿ ಸಂಘದವರು, ವಾರ್ಡಿನವರು ಕೂಡಿ ಮಾಡುವುದಾದರೆ ಹೀಗೆ ಮಾಡಿ.

1. ಒಂದೇ ರಸ್ತೆ ಹಿಡಿಯಿರಿ. ಒಂದು ಸರ್ಕಲ್‌ನಿಂದ ಇನ್ನೊಂದರವರೆಗೆ ಸಾಕು.

2. ಎಣಿಸಿ. ಎಲ್ಲರೂ ಎಡವುವುದು ಇಲ್ಲೇ. ಸಂಜೆ ಒಮ್ಮೆ ನಿಂತು 'ಇನ್ನೂರು ಗಾಡಿ' ಅಂತ ಬರೆದುಕೊಂಡರೆ ಏನೂ ತಿಳಿಯಲ್ಲ. ಯಾವ ಗಾಡಿ ಎಷ್ಟು ಹೊತ್ತು ನಿಂತಿತ್ತು ಅನ್ನೋದು ಬೇಕು.

ಉದ್ದನೆಯ ನೋಟ್‌ಬುಕ್ ತಗೊಳ್ಳಿ. ಎಡಗಡೆ ಜಾಗದ ಗುರುತು: ಔಷಧಿ ಅಂಗಡಿ ಮುಂದೆ, ಸೀರೆ ಅಂಗಡಿ ಮುಂದೆ, ಹೀಗೆ. ಮೇಲೆ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಅರ್ಧ ಗಂಟೆಗೊಂದು ಕಾಲಂ. ಪ್ರತಿ ಸುತ್ತಿನಲ್ಲಿ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯಿರಿ. ಕೆಎ 32 ಅಂತೂ ಹೆಚ್ಚಿನದರ ಮೇಲೆ ಇದ್ದೇ ಇರುತ್ತೆ, ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಹಿಂದಿನ ಸುತ್ತಿನ ಗಾಡಿ ಅಲ್ಲೇ ಇದ್ದರೆ ಒಂದು ಟಿಕ್. ಪ್ರತಿ ಸಲವೂ ಅದೇ ತುದಿಯಿಂದ ಶುರುಮಾಡಿ, ಇಲ್ಲದಿದ್ದರೆ ಅರ್ಧ ಗಂಟೆಯ ಲೆಕ್ಕ ಕೆಡುತ್ತೆ. ಒಬ್ಬರಿಗೆ ರಸ್ತೆಯ ಒಂದೇ ಬದಿ ಕೊಡಿ. ಮೊಬೈಲಲ್ಲಿ ವಿಡಿಯೊ ಮಾಡ್ಕೊಂಡು ಮನೇಲಿ ಕೂತು ಬರೆಯೋಣ ಅನ್ನೋ ಜಾಣರು ಇರ್ತಾರೆ. ಒತ್ತೊತ್ತಾಗಿ ನಿಂತ ಬೈಕುಗಳ ಪ್ಲೇಟು ಅದರಲ್ಲಿ ಕಾಣಲ್ಲ.

ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಹಬ್ಬದ ವಾರ ಎಣಿಸಬೇಡಿ. ಏಪ್ರಿಲ್, ಮೇ ತಿಂಗಳೂ ಬೇಡ. 40 ಡಿಗ್ರಿ ದಾಟಿದ ಮಧ್ಯಾಹ್ನ ಪೇಟೆಗೆ ಯಾರು ಬರ್ತಾರೆ?

ರಾತ್ರಿ ಪುಸ್ತಕ ತೆರೆದರೆ ಕೆಲವು ನಂಬರಿನ ಮುಂದೆ ಟಿಕ್ಕೇ ಟಿಕ್ಕು. ಬೆಳಿಗ್ಗೆ ಬಂದು ರಾತ್ರಿವರೆಗೂ ಅಲುಗದ ಗಾಡಿಗಳು ಗಿರಾಕಿಗಳದ್ದಲ್ಲ, ಸಾವ್ಕಾರರ ಕಾರು, ಅಂಗಡಿ ಹುಡುಗರ ಬೈಕು. ಹತ್ತು ಗಂಟೆ ಒಂದೇ ಕಾರು ಹಿಡಿದ ಜಾಗಕ್ಕೆ ಅರ್ಧರ್ಧ ಗಂಟೆಯಂತೆ 20 ಗಿರಾಕಿಗಳು ಬಂದು ಹೋಗಬಹುದಿತ್ತು. ಸಂಘದ ಸಭೆಯಲ್ಲಿ ಇದನ್ನೇ ಮೊದಲು ಓದಿ. ಜಗಳ ಆಗುತ್ತೆ, ಆಗಲಿ.

3. ದಿನವಿಡೀ ನಿಲ್ಲುವ ಗಾಡಿಗೆ ಹಿಂದಿನ ಗಲ್ಲಿಯಲ್ಲೋ ಖಾಲಿ ಸೈಟಿನಲ್ಲೋ ಜಾಗ ಮಾಡಿ. ಮೇಲೆ ತಗಡು ಹಾಕಲೇಬೇಕು. ನಮ್ಮ ಬಿಸಿಲಿಗೆ ಕಾದ ಸೀಟಿನ ಮೇಲೆ ಕೂರೋದು ಯಾರಿಗೆ ಬೇಕು? ನೆರಳಿಲ್ಲದಿದ್ದರೆ ಎರಡೇ ದಿನ, ಎಲ್ಲರೂ ಬೇವಿನ ಮರದ ಕೆಳಗೆ ವಾಪಸ್. ಅಗ್ಗ ಅಂತ ಹಸಿರು ನೆಟ್ ಕಟ್ಟಬೇಡಿ, ಗಾಳಿ ಮಳೆಗೆ ಚಿಂದಿ ಆಗುತ್ತೆ.

4. ಎಣಿಸಿ ಬರೆದ ಹಾಳೆ ಹಿಡಿದು ಮಹಾನಗರ ಪಾಲಿಕೆಗೂ ಟ್ರಾಫಿಕ್ ಪೊಲೀಸರ ಹತ್ತಿರವೂ ಹೋಗಿ. ಗಾಡಿ ಎಲ್ಲಿ ನಿಲ್ಲಬೇಕು ಅಂತ ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ನಿನಲ್ಲಿ ರಾಜ್ಯ ಸರ್ಕಾರಕ್ಕೆ ಅಥವಾ ಅದು ನೇಮಿಸಿದವರಿಗೆ ಇದೆ; ಅವರೂ ಸ್ಥಳೀಯ ಸಂಸ್ಥೆಯನ್ನು ಕೇಳಿಯೇ ಮಾಡಬೇಕು. ಅಂಗಡಿ ಮುಂದೆ ಕಲ್ಲು, ಹಳೇ ಟೈರು ಇಟ್ಟು ಸ್ವಂತ 'ನೋ ಪಾರ್ಕಿಂಗ್' ಬೋರ್ಡು ನೇತುಹಾಕಿದವರಿಗೆ ಇಲ್ಲ.

5. ಈಗ ಗೆರೆ. ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಒಂದಕ್ಕೆ ಸುಮಾರು 6 ಮೀಟರ್ ಉದ್ದ, 2.5 ಮೀಟರ್ ಅಗಲ ಬೇಕು. ಬೈಕುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಒಂದಕ್ಕೆ ಒಂದು ಮೀಟರ್ ಅಗಲ ಸಾಕು, ಅಂದರೆ ಒಂದು ಕಾರಿನ ಜಾಗಕ್ಕೆ ಆರು ಬೈಕು. ಹಾಗಾಗಿ ಅಂಗಡಿ ಎದುರು ಬೈಕಿಗೇ ಜಾಗ ಕೊಡಿ, ಕಾರಿನವರು ನಾಲ್ಕು ಹೆಜ್ಜೆ ನಡೆಯಲಿ. ಸಾದಾ ಪೇಂಟು ಬೇಡ, ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ ಹಾಕಿಸಿ. ಅದಕ್ಕೂ ಮೊದಲು ಧೂಳು ಗುಡಿಸಲೇಬೇಕು, ಗುಡಿಸದೆ ಬಳಿದರೆ ಯಾವ ಬಣ್ಣವೂ ಹಿಡಿಯಲ್ಲ.

6. ದರ. ದಿನಕ್ಕೆ ಇಷ್ಟು ಅಂತ ಒಂದೇ ದರ ಇಡಲೇಬೇಡಿ. ಬೆಳಿಗ್ಗೆ ಕೊಟ್ಟವರು ರಾತ್ರಿವರೆಗೂ ತೆಗೆಯಲ್ಲ. ಮೊದಲ ಅರ್ಧ ಗಂಟೆ ಅಗ್ಗ, ಆಮೇಲೆ ಏರುತ್ತಾ ಹೋಗಲಿ. ಎಷ್ಟು ಇಡೋದು ಅನ್ನೋದಕ್ಕೆ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳಿದ ಶೇ 85ರ ಅಳತೆ ಇದೆ: ಜಾಗ ಶೇ 85ರಷ್ಟೇ ತುಂಬಿರಬೇಕು, ಅಂದರೆ ಹತ್ತು ಜಾಗದಲ್ಲಿ ಒಂದೆರಡು ಯಾವಾಗಲೂ ಖಾಲಿ ಇರಬೇಕು. ಪೂರ್ತಿ ತುಂಬಿದರೆ ದರ ಏರಿಸಿ, ಖಾಲಿ ಹೊಡೆದರೆ ಇಳಿಸಿ. ಚೀಟಿಯಲ್ಲಿ ಗಾಡಿ ನಂಬರು, ಬಂದ ಸಮಯ ಎರಡೂ ಇರಬೇಕು. ಸಮಯ ಇಲ್ಲದ ಚೀಟಿ ಪುಸ್ತಕ ಹಿಡಿದು ನಿಂತ ಗುತ್ತಿಗೆದಾರರು ಇದ್ದರೆ ಈ ಲೆಕ್ಕವೇ ನಡೆಯಲ್ಲ.

ಟೋಯಿಂಗ್ ಇದೆಲ್ಲ ಆದ ಮೇಲೆ. ಅದೂ ಫುಟ್‌ಪಾತ್ ಹತ್ತಿದವಕ್ಕೆ, ಆಂಬುಲೆನ್ಸ್ ದಾರಿಗೆ ಅಡ್ಡ ನಿಂತವಕ್ಕೆ ಮಾತ್ರ. ತಿಂಗಳು ಬಿಟ್ಟು ಇನ್ನೊಮ್ಮೆ ಹಾಗೇ ಎಣಿಸಿ. ಹಳೇ ನಂಬರುಗಳೇ ಮತ್ತೆ ಸಾಲಾಗಿ ಟಿಕ್ ಆಗಿದ್ದರೆ, ಅವು ಯಾವ ಅಂಗಡಿಯವು ಅಂತ ಸಭೆಯಲ್ಲೇ ಕೇಳಿ.